ಗಂಟಿಗೆ ಬಿಟ್ಟ ಜಾಗ

"ನಿನ್ನ ಕಾಲಿಗೇ ಅಂತ ಅಳತೆ ಕೊಟ್ಟು ಒಂದು ಜೊತೆ ಬೂಟು ಹೊಲಿಸಿಕೊಡ್ತೀನಿ ಕಣೇ. ದಿನವಿಡೀ ನಿಂತರೂ ಪಾದಕ್ಕೆ ಗೊತ್ತಾಗಬಾರದು, ಅಂಥದ್ದು." ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೊದಲ ದಿನ ದುಡಿದು ಬಂದು, ಊದಿದ ಕಾಲುಗಳನ್ನು ಬಿಸಿನೀರಿನ ಟಬ್ಬಿಗೆ ಇಳಿಬಿಟ್ಟು ಕೂತಿದ್ದಾಗ ಬಸ್ ಡ್ರೈವರ್ ಕೊಟ್ಟ ಮಾತು ಇದು. "ಮೂರು ತಿಂಗಳ ಕೆಲಸಕ್ಕೆ ಬೂಟು ಯಾಕ್ರೀ?" ಎಂದು ಅವಳು ನಕ್ಕಿದ್ದಳು. ಆ ಮೂರು ತಿಂಗಳು ಬೆಳೆದು ಹದಿನೆಂಟು ವರ್ಷವಾಗಿತ್ತು.

ಈ ವರ್ಷ ಡ್ರೈವರ್ ಮನಸ್ಸು ಗಟ್ಟಿ ಮಾಡಿದ. ಕಡಲಾಚೆ ಒಬ್ಬ ಬೂಟುಗಾರನಿದ್ದ. ಪಾದದ ಸುತ್ತ ಎಳೆದ ಗೀಟು ಕಳಿಸಿದರೆ ಸಾಕು, ಒಳ್ಳೆಯ ಚರ್ಮದಲ್ಲಿ ಕೈಯಾರೆ ಹೊಲಿದು ಕೊಡುತ್ತಿದ್ದ. ಅವನು ಬರೆದಿದ್ದ ಸೂಚನೆಯನ್ನು ಮಗಳು ಓದಿ ಹೇಳಿದಳು: "ಕೆಲಸ ಮುಗಿಸಿ ಬಂದ ಕೂಡ್ಲೇ ಅಳತೆ ತೆಗೀಬೇಕಂತೆ ಅಪ್ಪ, ಪಾದ ಊದಿರುವಾಗ. ಪೂರ್ತಿ ಭಾರ ಬಿಟ್ಟು ನಿಂತ್ಕೋಬೇಕಂತೆ."

"ಇಷ್ಟು ನಿಂತಿದ್ದು ಸಾಲದು ಅಂತಾನಾ ಅವನು?" ಎನ್ನುತ್ತಲೇ ಹೆಂಡತಿ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯ ಮೇಲೆ ನಿಂತಳು. ಡ್ರೈವರ್ ಮಂಡಿಯೂರಿ ಪೆನ್ಸಿಲ್ ಎಳೆಯುತ್ತಾ ಬಂದ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಗ್ಗದ ರಬ್ಬರ್ ಶೂಗಳು ವರ್ಷಗಟ್ಟಲೆ ಒತ್ತಿ ಒತ್ತಿ ಬೆಳೆಸಿದ ಗಂಟೊಂದಿತ್ತು. ಅಲ್ಲಿ ಪೆನ್ಸಿಲ್ ತಡೆದು ನಿಂತಿತು.

"ಅಲ್ಲೊಂದು ಗುಡ್ಡ ಇದೆ ಡ್ರೈವರ್ ಸಾಹೇಬ್ರೇ, ಸುತ್ತು ಹಾಕ್ಕೊಂಡು ಬನ್ನಿ" ಎಂದಳು ಅವಳು. ಅವನು ಸುತ್ತು ಹಾಕಿಕೊಂಡು ಬಂದ.

ಮರುದಿನ ಜೆರಾಕ್ಸ್ ಅಂಗಡಿಯವನು ಆ ಹಾಳೆಯನ್ನು ಮೆಷಿನ್ನಿಗೆ ಕೊಟ್ಟು, ಬೂಟುಗಾರನಿಗೆ ಮೇಲ್ ಮಾಡಿ, ಒಂದು ಪ್ರತಿಯನ್ನೂ ತೆಗೆದು ಕೈಗಿಟ್ಟ. "ನೀಟಾಗಿ ಒಂದೇ ಸಣ್ಣ ಹಾಳೆಗೆ ಕೂರಿಸಿದ್ದೀನಿ ಸಾರ್" ಎಂದ. ಡ್ಯೂಟಿಗೆ ಹೊತ್ತಾಗಿತ್ತು, ಡ್ರೈವರ್ ತಲೆಯಾಡಿಸಿ ಓಡಿದ. ವಾರದ ಮೇಲೆ ಬೂಟುಗಾರನ ಉತ್ತರ ಬಂತು: ಪಾದದ ಉದ್ದವನ್ನು ಇನ್ನೊಮ್ಮೆ ಅಳೆದು ಖಚಿತಪಡಿಸಬೇಕು. ಹೆಂಡತಿ ಬೆಳಗಿನ ಪಾಳಿ ಮುಗಿಸಿ, ಸಮವಸ್ತ್ರವನ್ನೂ ಬದಲಿಸದೆ ಮಲಗಿಬಿಟ್ಟಿದ್ದಳು. ಕ್ಯಾಲೆಂಡರ್ ಹಾಳೆ ಅದೇ ಕೋಣೆಯ ಬೀರುವಿನಲ್ಲಿತ್ತು, ಬೀರುವಿನ ಬಾಗಿಲು ತೆಗೆದರೆ ಕಿರುಗುಟ್ಟುತ್ತಿತ್ತು. ಡ್ರೈವರ್ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಸದ್ದಿಲ್ಲದೆ ಹಿಂದಿರುಗಿದ. ಮೇಜಿನ ಮೇಲಿದ್ದ ಜೆರಾಕ್ಸ್ ಪ್ರತಿಗೇ ಮಗಳ ಸ್ಕೇಲು ಹಿಡಿದು ಅಳೆದು, "ಸರಿಯಾಗಿದೆ" ಎಂದು ಮಗಳಿಂದ ಬರೆಸಿದ.

ನಾಲ್ಕು ತಿಂಗಳಿಗೆ ಪೆಟ್ಟಿಗೆ ಬಂತು. ಮುಚ್ಚಳ ತೆಗೆದರೆ ಮನೆಯೆಲ್ಲ ಹೊಸ ಚರ್ಮದ ವಾಸನೆ. ಕಂದು ಬಣ್ಣ, ಅಕ್ಕಿಕಾಳಿನಂಥ ಹೊಲಿಗೆ, ಬಲಗಾಲಿನದರಲ್ಲಿ ಹೆಬ್ಬೆರಳ ಬುಡಕ್ಕೆ ಮೆತ್ತಗೆ ಉಬ್ಬಿಸಿದ ಒಂದು ಪುಟ್ಟ ಗೂಡು. ಹೆಂಡತಿ ಆ ಗೂಡಿನ ಮೇಲೆ ಬೆರಳಾಡಿಸಿದಳು. "ನನ್ನ ಮುಖಾನೇ ನೋಡಿಲ್ಲ, ಗಂಟು ಮಾತ್ರ ಎಷ್ಟು ಚೆನ್ನಾಗಿ ಗೊತ್ತು ನೋಡ್ರೀ ಅವನಿಗೆ" ಎಂದು ಕಾಲು ತೂರಿಸಿದಳು. ಹಿಮ್ಮಡಿ ಇಳಿಯಲಿಲ್ಲ.

"ಚಮಚದ ಹಿಡಿ ಇಟ್ಟು ತಳ್ಳಿ ನೋಡು."

"ಬಸ್ಸಿಗೆ ಎಂಬತ್ತು ಜನರನ್ನ ತುರುಕ್ತೀರಲ್ಲ, ಇದೊಂದು ಹಿಮ್ಮಡಿ ತುರುಕಿ ನೋಡೋಣ!"

ಅವನು ತುರುಕಲು ನೋಡಿದ. ಅವಳು ಹಲ್ಲು ಕಚ್ಚಿದಳು. ಮಗಳು ಬೀರುವಿನಿಂದ ಕ್ಯಾಲೆಂಡರ್ ಹಾಳೆ ತಂದು ಜೆರಾಕ್ಸ್ ಪ್ರತಿಯ ಪಕ್ಕ ಹಾಸಿದಳು. ದೊಡ್ಡ ಹಾಳೆಯ ಪಾದಕ್ಕಿಂತ ಸಣ್ಣ ಹಾಳೆಯ ಪಾದ ಒಂದು ಹೆಬ್ಬೆರಳಿನಗಲ ಗಿಡ್ಡ. "ಅವತ್ತು ಈ ಪ್ರತಿಯನ್ನೇ ಅಳೆದಿದ್ದು" ಎಂದ ಡ್ರೈವರ್.

"ನನ್ನ ಒಂದ್ಸಲ ಎಬ್ಬಿಸಿದ್ರೆ ಆಗ್ತಿರ್ಲಿಲ್ವೇನ್ರೀ?"

"ನೀನು ನಿದ್ದೆ ಮಾಡ್ತಿದ್ದೆ" ಎಂದ ಅವನು.

ಅಳತೆಗೆ ಹೊಲಿದದ್ದನ್ನು ವಾಪಸ್ ಪಡೆಯುವುದಿಲ್ಲ ಎಂದು ಪೆಟ್ಟಿಗೆಯೊಳಗಿನ ಚೀಟಿಯಲ್ಲೇ ಅಚ್ಚಾಗಿತ್ತು. "ಹಾಳು ಬೀಳೋದು ಬೇಡ, ನೀನು ಹಾಕ್ಕೋ" ಎಂದು ಹೆಂಡತಿ ಬೂಟನ್ನು ಮಗಳತ್ತ ಸರಿಸಿದಳು. ಪರೀಕ್ಷೆ ಮುಗಿಸಿದ್ದ ಮಗಳು ಸೋಮವಾರದಿಂದ ಅದೇ ಲಾಂಡ್ರಿಗೆ ಹೋಗುವವಳಿದ್ದಳು. ಫಲಿತಾಂಶ ಬರುವವರೆಗೆ, ಮೂರು ತಿಂಗಳ ಮಟ್ಟಿಗೆ.

ಹುಡುಗಿಯ ಕಾಲು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಎರಡು ಸುತ್ತು ನಡೆದು ನಿಂತಳು. "ಹಾಕ್ಕೊಂಡಿದ್ದೇ ಗೊತ್ತಾಗಲ್ಲ ಅಮ್ಮ! ಆದ್ರೆ ಬಲಗಾಲಲ್ಲಿ, ಇಲ್ಲೊಂಚೂರು ಖಾಲಿ ಇದೆ."

ತಾಯಿ ಬಗ್ಗಿ ಆ ಗೂಡನ್ನು ಹೆಬ್ಬೆರಳಿನಿಂದ ಒತ್ತಿದಳು. ಚರ್ಮ ಒಳಗೆ ಹೋಗಿ ಮತ್ತೆ ಮೇಲೆದ್ದಿತು.

"ಸ್ವಲ್ಪ ಹತ್ತಿ ತುಂಬಿದ್ರಾಯ್ತು" ಎಂದ ಡ್ರೈವರ್.

"ಹತ್ತಿ ಯಾಕೆ?" ಎಂದಳು ಅವಳು, ಬಗ್ಗಿದಲ್ಲಿಂದ ಏಳದೆ. "ತಾನಾಗೇ ತುಂಬುತ್ತೆ."

ಸೋಮವಾರ ಮೊದಲ ಟ್ರಿಪ್ಪಿಗೆ ತಾಯಿ ಮಗಳು ಇಬ್ಬರೂ ಅವನ ಬಸ್ಸನ್ನೇ ಹತ್ತಿದರು. ಸೀಟು ಸಿಗಲಿಲ್ಲ. ಬಾಗಿಲ ಬಳಿಯ ಕಂಬಿ ಹಿಡಿದು ನಿಂತ ಅವರ ಕಾಲುಗಳು ಕನ್ನಡಿಯಲ್ಲಿ ಕಾಣುತ್ತಿದ್ದವು: ಒಂದು ಜೊತೆ ಕಂದು ಬೂಟು, ಒಂದು ಜೊತೆ ರಬ್ಬರ್ ಶೂ. ಅವನು ಮಾತು ಕೊಟ್ಟಿದ್ದು ಹೆಂಡತಿಗೆ. ಅದನ್ನು ಉಳಿಸಿಕೊಳ್ಳಲಾಗಲಿಲ್ಲ.