ಕೆಮ್ಮಣ್ಣಿನ ಕೆಳಗಿನ ಚುಕ್ಕೆಗಳು

ಗದಗಿನ ಒಂದು ಓಣಿ. ಅಲ್ಲಿ ಬಸಲಿಂಗವ್ವ ಎಂಬ ಅಜ್ಜಿ...

ಫ್ಲೂ ಲಸಿಕೆಯ ಕ್ಯಾಂಪ್ ಬಂದಾಗ ಮನೆಮನೆಯ ಬಾಗಿಲು ಬಡಿದು, ಬೈದು, ಎಲ್ಲರನ್ನೂ ಎಳೆದುಕೊಂಡು ಹೋದವಳು ಅವಳೇ. ಮೊದಲು ಚುಚ್ಚಿಸಿಕೊಂಡವಳೂ ಅವಳೇ.

ವಾರ ಕಳೆಯಿತು... ಅವಳ ಎರಡೂ ಕಾಲಿನ ಮೇಲೆ ನೇರಳೆ ಬಣ್ಣದ ಚುಕ್ಕೆಗಳು!

ಓಣಿಯ ಹೆಂಗಸರು ನೋಡಿದ್ದೇ ತಡ, "ಸರ್ಪಸುತ್ತು" ಎಂದರು. ಕೆಮ್ಮಣ್ಣು ಕಲಸಿ ದಪ್ಪಗೆ ಬಳಿದರು. ನೀರು ಸೋಕಿಸಬೇಡ ಎಂದು ಕಟ್ಟಪ್ಪಣೆ ಬೇರೆ.

ಸೊಸೆ ಸುಮಿತ್ರಾಳಿಗೆ ತಲೆ ಕೆಟ್ಟುಹೋಯಿತು.

"ಸರ್ಪಸುತ್ತು ಒಂದ ಕಡೆ ಏಳ್ತೈತ್ರೀ ಅತ್ತಿ! ನಿಮಗೇನು ಎರಡು ಹಾವು ಸುತ್ಗೊಂಡಾವೇನು?"

"ನಿನ್ನ ಬಾಯಿಗೆ ಹೆದರಿ ಜೋಡಿ ಬಂದಾವ. ಸುಮ್ಮನ ಕೂಡು."

ಕಾಲು ಊದಿತು. ಮೂತ್ರ ಕೆಂಪಾಯಿತು. ಆದರೂ ಅಜ್ಜಿ ಆಸ್ಪತ್ರೆಗೆ ಬರಲೊಲ್ಲಳು!

ಕೊನೆಗೆ ಸುಮಿತ್ರಾ ಆಟೋ ತಂದು, ಹೆಚ್ಚುಕಮ್ಮಿ ಹೊತ್ತುಕೊಂಡೇ ಹೋದಳು.

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಇದು ಕಾಲೋ, ಗ್ವಾಡೀನೋ? ಮೊದಲು ತೊಳೀರಿ!"

ತೊಳೆದರು. ಚುಕ್ಕೆಗಳನ್ನು ಒತ್ತಿ ನೋಡಿದರು. ಬಣ್ಣ ಮಾಸಲಿಲ್ಲ.

"ಚರ್ಮದಾಗಿನ ಸಣ್ಣ ರಕ್ತನಾಳ ಊದ್ಯಾವ. ಭಾಳ ಅಪರೂಪ. ಇಂಜೆಕ್ಷನ್ನಿಂದ ಆಗಿರಬಹುದು, ಬ್ಯಾರೆ ಕಾರಣಾನೂ ಇರಬಹುದು. ಔಷಧ ಐತಿ. ಆದ್ರ ಕಿಡ್ನಿಗೂ ತಾಗಿದಂಗ ಕಾಣ್ತೈತಿ. ಇಷ್ಟು ದಿನ ಯಾಕ ಮುಚ್ಚಿಟ್ರಿ?"

ಅಜ್ಜಿಯ ಕಣ್ಣು ತುಂಬಿತು...

"ಇದು ಇಂಜೆಕ್ಷನ್ನಿಂದ ಆಗಿದ್ದು ಅಂತ ನನಗ ಮೊದಲ ದಿನಾನ ಅನುಮಾನ ಬಂದಿತ್ರೀ. ಗೊತ್ತಾದ್ರ ಓಣ್ಯಾಗ ಯಾರೂ ಕೂಸುಗಳಿಗೂ ಲಸಿಕಿ ಹಾಕ್ಸಂಗಿಲ್ಲ. ಅವರು ಸರ್ಪಸುತ್ತು ಅಂದ್ರು... ಅನ್ಲಿ ಅಂತ ಬಿಟ್ಟೆ."

ಸುಮಿತ್ರಾ ಅಳುತ್ತಲೇ ಗದರಿದಳು. "ಹಂಗ ನೀವು ಸತ್ತು ಹೋಗಿದ್ರ? ಆಮ್ಯಾಲೆ ಜನ ಏನಂತಿದ್ರು? ಇಂಜೆಕ್ಷನ್ನೇ ಕೊಂದೈತಿ ಅಂತಿದ್ರು! ಮುಚ್ಚಿಟ್ಟು ಏನು ಉಳಿಸಿದ್ರಿ ಅತ್ತಿ?"



ಚಿಕಿತ್ಸೆ ಮುಗಿದು ಮನೆಗೆ ಬಂದ ದಿನ, ಅವಳು ಕಟ್ಟೆಯ ಮೇಲೆ ಕೂತು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು. ಎಲ್ಲರನ್ನೂ ಕರೆದು ಕಲೆಗಳನ್ನು ತೋರಿಸಿದಳು. ಡಾಕ್ಟರಮ್ಮ ಹೇಳಿದ್ದೆಲ್ಲ ಹೇಳಿದಳು... "ಇಂಜೆಕ್ಷನ್ನಿಂದಲೂ ಆಗಿರಬಹುದು" ಎಂಬುದನ್ನೂ.

 ಇಬ್ಬರು ಎದ್ದು ಹೊರಟೇಹೋದರು.

ಎಳೆಗೂಸಿನ ತಾಯಿ ದಾಕ್ಷಾಯಣಿ ಮಾತ್ರ ಹತ್ತಿರ ಬಂದು ಕಾಲನ್ನು ಮುಟ್ಟಿ ನೋಡಿದಳು.

"ಇಂಥಾ ಚುಕ್ಕಿ ಕಂಡ್ರ ಯಾವ ಡಾಕ್ಟರ ಕಡೆ ಓಡಬೇಕು, ಅಷ್ಟು ಹೇಳಿಬಿಡು ಅಜ್ಜಿ... ಗುರುವಾರ ನನ್ನ ಕೂಸಿಗೆ ಲಸಿಕಿ ಹಾಕ್ಸಬೇಕು."

ಅರ್ಧ ಸತ್ಯ ಹೇಳಿ ಗಳಿಸಿದ ನಂಬಿಕೆ ಮೊದಲ ಚುಕ್ಕೆ ಕಂಡ ದಿನವೇ ಓಡಿಹೋಗುತ್ತದೆ... ಪೂರ್ತಿ ಸತ್ಯ ಕೇಳಿದವರೇ ಜೊತೆಗೆ ನಿಲ್ಲುತ್ತಾರೆ.

"ಅವರ ಒಳ್ಳೆಯದಕ್ಕೇ ಅಲ್ಲವೇ" ಎಂದುಕೊಂಡು ನೀವು ಇವತ್ತು ಯಾರಿಂದ ಏನನ್ನು ಮುಚ್ಚಿಟ್ಟಿದ್ದೀರಿ?