ಮುಖಪುಟದ ಮೀನು

"ಇನ್ನೊಂದ್ಸಲ ಎತ್ತಿ ಸಾರ್. ಮೀನು ಕ್ಯಾಮೆರಾ ನೋಡ್ತಾನೇ ಇಲ್ಲ," ಎಂದ ಸ್ಟೂಲಿನ ಮೇಲೆ ನಿಂತಿದ್ದ ಫೋಟೋಗ್ರಾಫರ್.

ಮೀನು ಸಂಶೋಧನಾ ಕೇಂದ್ರದ ನಿರ್ದೇಶಕರು ಹೊಳೆದಂಡೆಯಲ್ಲಿಟ್ಟಿದ್ದ ತೊಟ್ಟಿಗೆ ಕೈಹಾಕಿ ಮೀನನ್ನು ಮೂರನೆಯ ಸಲ ಮೇಲೆತ್ತಿದರು. ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದಿದ್ದ ಸಂಶೋಧಕಿ ತಟ್ಟನೆ ಉಸಿರು ಬಿಗಿಹಿಡಿದಳು. ಅದು ಅವಳೇ ಮಾಡಿದ ನಿಯಮ. ಗಾಳ ಹಾಕುವವರಿಗಾಗಿ ಅವಳು ಬರೆದ, ಅಚ್ಚಿಗೆ ಹೊರಟಿದ್ದ 'ಹಿಡಿದ ಮೀನನ್ನು ಬದುಕಿಸಿ ಬಿಡುವುದು ಹೇಗೆ' ಎಂಬ ಕೈಪಿಡಿಯ ಮೊದಲ ಪುಟದಲ್ಲೇ ಅದು ದಪ್ಪಕ್ಷರದಲ್ಲಿತ್ತು: ಮೀನನ್ನು ನೀರಿನಿಂದ ಎತ್ತಿದ ಕೂಡಲೇ ನೀವೂ ಉಸಿರು ಹಿಡಿಯಿರಿ, ನಿಮಗೆ ತಡೆಯಲಾಗದೆ ಹೋದಾಗ ಮೀನಿಗೂ ತಡೆಯಲಾಗದು, ನೀರಿಗೆ ಬಿಡಿ. ಆ ಕೈಪಿಡಿಗೆ ಮುನ್ನುಡಿ ಬರೆದವರು ಇದೇ ನಿರ್ದೇಶಕರು. ಓದದೆ ಮುನ್ನುಡಿ ಬರೆಯುವುದರಲ್ಲಿ, ಓದದೆ ಸಹಿ ಹಾಕುವುದರಲ್ಲಿ ಅವರದು ಪಳಗಿದ ಕೈ. ಮೀನು ಹಿಡಿಯುವುದರಲ್ಲಿ ಮಾತ್ರ ಅಷ್ಟು ಪಳಗಿರಲಿಲ್ಲ.

ಮೀನಿಗೆ ಸಂಶೋಧಕಿ ಇಟ್ಟಿದ್ದ ಹೆಸರು ಅಜ್ಜಿ. ದಾಖಲೆಯಲ್ಲಿ ನಂಬರು ನಲವತ್ತೊಂದು, ಬೆನ್ನಿನ ರೆಕ್ಕೆಯ ಬುಡದಲ್ಲಿ ಹಳದಿ ಗುರುತುಪಟ್ಟಿ. ಮೂರು ವರ್ಷದಲ್ಲಿ ಹನ್ನೊಂದು ಸಲ ಗಾಳಕ್ಕೆ ಸಿಕ್ಕಿ, ಹನ್ನೊಂದು ಸಲವೂ ಹೊಳೆಗೆ ಮರಳಿ ಬದುಕಿದ ಗಟ್ಟಿಗಿತ್ತಿ. ಸಂಶೋಧಕಿಯ ಕೈಪಿಡಿಯಲ್ಲಿ ಅರ್ಧ ಅಜ್ಜಿಯೇ ಕಲಿಸಿದ ಪಾಠ. ಇವತ್ತು ಹನ್ನೆರಡನೆಯ ಸಲ ಸಿಕ್ಕಾಗ ಅದರ ಹೊಟ್ಟೆ ತುಂಬ ಮೊಟ್ಟೆ. ಒಂದು ಹನಿ ರಕ್ತ ತೆಗೆದು ಬೇಗ ಬಿಟ್ಟುಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ನಿರ್ದೇಶಕರು ಹೊಸ ಶರ್ಟು ತೊಟ್ಟು, ಕೈಪಿಡಿಯ ಮುಖಪುಟಕ್ಕೆ ತಮ್ಮದೂ ಮೀನಿನದೂ ಫೋಟೋ ಬೇಕೆಂದು ಬಂದಿಳಿದಿದ್ದರು.

"ಸಾರ್, ಹತ್ತು ಸೆಕೆಂಡ್ ಆಯ್ತು."

"ಇರಮ್ಮ. ಜನ ಮೊದಲು ನೋಡೋದು ಫೋಟೋನೇ. ನಿನ್ನ ಗ್ರಾಫು ಯಾರು ನೋಡ್ತಾರೆ?"

"ಸ್ವಲ್ಪ ಮೇಲ್ಮುಖ ವಾಲಿಸಿ ಸಾರ್," ಎಂದ ಫೋಟೋಗ್ರಾಫರ್. "ಛೆ, ಮತ್ತೆ ಕಣ್ಣು ಕೆಳಗೆ ಹೊರಳಿಸ್ತು. ಮುಖಪುಟದಲ್ಲಿ ಸೊಟ್ಟ ಕಣ್ಣು ಚೆನ್ನಾಗಿರುತ್ತಾ?"

ಸಂಶೋಧಕಿಗೆ ತಡೆಯಲಾಗಲಿಲ್ಲ. "ಅದು ಸೊಟ್ಟ ಅಲ್ಲ ರೀ, ಜೀವ ಇದೆ ಅನ್ನೋದಕ್ಕೆ ಗುರುತು. ಮೀನನ್ನ ಹೇಗೆ ವಾಲಿಸಿದ್ರೂ ಅದು ಕಣ್ಣನ್ನ ಮಟ್ಟವಾಗೇ ಇಟ್ಕೊಳ್ಳುತ್ತೆ. ಮೈ ಜೊತೆ ಕಣ್ಣೂ ವಾಲಿಬಿಡ್ತು ಅಂದ್ರೆ ಅದರ ಕಥೆ ಮುಗೀತು ಅಂತ ಅರ್ಥ."

"ಪಾಠ ಆಮೇಲೆ," ಎಂದು ನಿರ್ದೇಶಕರು ಎದೆ ಸೆಟೆಸಿದರು. "ಮೂಕಜೀವಿಗಳ ಮೇಲೆ ಕರುಣೆ ಅನ್ನೋದು ಮುಖದಲ್ಲಿ ಕಾಣ್ತಿದೆಯೇನಪ್ಪಾ?"

"ಕಾಣ್ತಿದೆ ಸಾರ್. ಒಂಚೂರು ಹಲ್ಲು ಕಮ್ಮಿ ಮಾಡಿ."

ಅವಳಿಗೆ ಉಸಿರು ಕಟ್ಟಿತು. ಬಿಟ್ಟಳು, ಮತ್ತೆ ಎಳೆದುಕೊಂಡಳು. ಅಜ್ಜಿಗೆ ಆ ಅನುಕೂಲ ಇರಲಿಲ್ಲ. ಒಂದು ಹೆಜ್ಜೆ ಮುಂದಿಟ್ಟು ಮೀನನ್ನು ಕಿತ್ತುಕೊಂಡಿದ್ದರೆ ಆಗುತ್ತಿತ್ತು. ಆದರೆ ಅವಳ ಮುಂದಿನ ಮೂರು ವರ್ಷದ ಸಂಶೋಧನೆಯ ಮಂಜೂರಾತಿ ಕಾಗದ ನಿರ್ದೇಶಕರ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು. ಅವಳು ನಿಂತಲ್ಲೇ ನಿಂತಳು, ಅದಕ್ಕಾಗಿ ತನ್ನ ಮೇಲೇ ಅಸಹ್ಯಪಟ್ಟುಕೊಂಡಳು. ಸ್ಟಾಪ್‌ವಾಚ್ ಎರಡು ನಿಮಿಷ ದಾಟಿ ಮೂರರತ್ತ ಹೊರಟಿತ್ತು.

"ಆಹಾ! ಈಗ ನೋಡಿ!" ಎಂದು ಫೋಟೋಗ್ರಾಫರ್ ಕುಣಿದ. "ನೆಟ್ಟಗೆ ನನ್ನನ್ನೇ ನೋಡ್ತಿದೆ! ಅಲ್ಲಾಡಬೇಡಿ ಸಾರ್!"

ಅಜ್ಜಿಯೇನೂ ಅಲ್ಲಾಡಲಿಲ್ಲ. ನಿರ್ದೇಶಕರು ಅದನ್ನು ತೊಟ್ಟಿಗೆ ಜಾರಿಸಿ, ಕೈ ಒರೆಸಿಕೊಂಡು ಕ್ಯಾಮೆರಾದೊಳಗೆ ಇಣುಕಿದರು. "ಕಣ್ಣಲ್ಲಿ ಎಂಥಾ ಕಳೆ ನೋಡಮ್ಮ! ಸುಮ್ನೆ ಗಾಬರಿ ಮಾಡ್ಕೊಂಡಿದ್ದೆ ನೀನು. ಇದೇ ಇರಲಿ. ಕೆಳಗೆ ಒಂದು ಒಳ್ಳೆ ಸಾಲು ನೀನೇ ಬರೆದುಬಿಡು." ಕಾರು ಹೊರಟುಹೋಯಿತು.

ಸಂಶೋಧಕಿ ಮೊಣಕಾಲು ಮಟ್ಟದ ಹೊಳೆಗಿಳಿದು, ಅಜ್ಜಿಯ ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದು ಒಂದು ಗಂಟೆ ಕಾದಳು. ಕಿವಿರು ಮಿಸುಕಲಿಲ್ಲ. ಕೈಬಿಟ್ಟಾಗ ಅದು ಮೊಟ್ಟೆ ತುಂಬಿದ ಹೊಟ್ಟೆಯನ್ನು ಮೇಲೆ ಮಾಡಿಕೊಂಡು ತೇಲಿತು. ಅವಳು ದಡಕ್ಕೆ ಬಂದು ಚಿಕ್ಕ ಮಗುವಿನಂತೆ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಮುಖಪುಟಕ್ಕೆ ಒಂದು ಸಾಲು ಬರೆದಳು.

ಮಾರನೆಯ ದಿನ ನಿರ್ದೇಶಕರು ಸಂಶೋಧನೆಯ ಕಾಗದಕ್ಕೂ ಮುಖಪುಟದ ಕರಡುಪ್ರತಿಗೂ ಒಂದೇ ಏಟಿಗೆ ಸಹಿ ಗೀಚಿದರು. ಕರಡಿನಲ್ಲಿ ಅವರು ನೋಡಿದ್ದು ತಮ್ಮ ಮುಖ ಒಂದನ್ನೇ.

ಹತ್ತು ಸಾವಿರ ಪ್ರತಿ ಅಚ್ಚಾಗಿ ಊರೂರಿಗೆ ಹೋದವು. ಮುಖಪುಟದಲ್ಲಿ ನಿರ್ದೇಶಕರು ಕರುಣೆಯಿಂದ ನಗುತ್ತಿದ್ದಾರೆ, ಅವರ ಕೈಯಲ್ಲಿ ಅಜ್ಜಿ ನೆಟ್ಟಗೆ ಕ್ಯಾಮೆರಾ ನೋಡುತ್ತಿದೆ. ಕೆಳಗೆ ಒಂದೇ ಸಾಲು: 'ಮೀನನ್ನು ಹೀಗೆ ಹಿಡಿಯಬಾರದು.'