ಬೆಟ್ಟದ ಜಡೆ

ಇನ್ನೆಷ್ಟು ದೂರ ಎಂದು ಕೇಳಲೇಬಾರದೆಂದು ಬುರ್ಗಿ ಹಲ್ಲು ಕಚ್ಚಿಕೊಂಡು ಬೆಟ್ಟದ ಏರು ಹತ್ತುತ್ತಿದ್ದಳು. ಮುಂದೆ ಕೊರ್ಬಿನಿಯನ್, ಅವನ ಸ್ಕೀ ಹಲಗೆಗಳು ಹಿಮದಲ್ಲಿ ಮೂಡಿಸಿದ ಜಾಡಿನಲ್ಲಿ ಇವಳು. ಸ್ಕೀ ಅಡಿಗೆ ಅಂಟಿಸಿದ ರೋಮದ ಪಟ್ಟಿ ಕಾಲು ಹಿಂದಕ್ಕೆ ಜಾರದಂತೆ ಹಿಡಿಯುತ್ತಿತ್ತು. ಓಡುವ ಉಸಿರನ್ನು ಹಿಡಿಯಲು ಮಾತ್ರ ಯಾವ ಪಟ್ಟಿಯೂ ಇರಲಿಲ್ಲ. ಈ ವಯಸ್ಸಿಗೆ ಇದೆಲ್ಲ ಬೇಕಾ ಎಂದು ಬೆಳಿಗ್ಗೆ ಮಗಳು ಬೈದದ್ದು ಸರಿಯೇ ಅನ್ನಿಸತೊಡಗಿತ್ತು.

"ಸುಸ್ತಾಯ್ತಾ?" ಎಂದ ಕೊರ್ಬಿನಿಯನ್.

"ಇಲ್ಲಪ್ಪ. ನಿನ್ನ ಬೆನ್ನು ನೋಡಿ ನೋಡಿ ಬೇಜಾರಾಯ್ತು, ಅಷ್ಟೆ. ನಡಿ, ನಡಿ."

ಅವನು ಬುರ್ಗಿಯ ಗಂಡ ವೆಂಡೆಲ್‌ನ ಬಾಲ್ಯದ ಗೆಳೆಯ. ವೆಂಡೆಲ್ ತೀರಿಕೊಂಡು ಎರಡು ಚಳಿಗಾಲ ಕಳೆದರೂ ಕೊರ್ಬಿನಿಯನ್ ಈ ಬೆಟ್ಟದ ಕಡೆ ತಲೆ ಹಾಕಿರಲಿಲ್ಲ. ಜೊತೆಯಿಲ್ಲದೆ ಹೋಗುವ ಬೆಟ್ಟ ಅಲ್ಲ ಅದು ಎನ್ನುತ್ತಿದ್ದ. ಕೊನೆಗೆ ಬುರ್ಗಿಯೇ ಅಟ್ಟದಿಂದ ತನ್ನ ಹಳೆಯ ಸ್ಕೀ ಇಳಿಸಿಕೊಂಡು ಹೋಗಿ ಅವನ ಬಾಗಿಲು ಬಡಿದಿದ್ದಳು.

ಶಿಖರದ ಮರದ ಶಿಲುಬೆಯ ಬುಡದಲ್ಲಿ ಕೂತು ರೊಟ್ಟಿ, ಹೊಗೆ ಹಾಕಿದ ಹಂದಿಮಾಂಸ ಬಿಚ್ಚಿದರು. ಕೆಳಗೆ ಕಣಿವೆಯಲ್ಲಿ ಊರು, ಚರ್ಚಿನ ಮಗ್ಗುಲಿಗೆ ಅವಳೇ ನಡೆಸುವ ಊಟದ ಮನೆ. ವೆಂಡೆಲ್ ಇದ್ದಾಗ ಭಾನುವಾರಗಳಲ್ಲಿ ಅಲ್ಲಿನ ಅಡುಗೆಮನೆಯಲ್ಲಿ ನಿಂತು, ಕುದಿಯುವ ನೀರಿಗೆ ಬ್ರೆಡ್ಡಿನ ಉಂಡೆ ಬಿಡುತ್ತ, ಅವಳು ಈ ಇಳಿಜಾರನ್ನೇ ನೋಡುತ್ತಿದ್ದಳು. ಗೆಳೆಯರಿಬ್ಬರೂ ಎರಡು ಚುಕ್ಕೆಗಳಾಗಿ ಮೇಲಿಂದ ಹೊರಡುತ್ತಿದ್ದರು. ಒಂದರ ಅಂಕುಡೊಂಕು ಜಾಡನ್ನು ಇನ್ನೊಂದು ಹಾಯ್ದು ಹಾಯ್ದು ಬಂದು, ಬಿಳಿ ಬೆಟ್ಟದ ಬೆನ್ನಿಗೆ ಉದ್ದನೆಯ ಜಡೆ ಹೆಣೆದಂತಾಗುತ್ತಿತ್ತು. ಊರಿಗೆ ಊರೇ ಕತ್ತೆತ್ತಿ ನೋಡಿ ಭಲೇ ಎನ್ನುತ್ತಿತ್ತು. ಅವಳಿಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಈಗ ಆ ಉರಿಯ ನೆನಪೂ ಹಿತವಾಗಿತ್ತು.

"ಈ ಬೆಟ್ಟ ನನ್ನ ಸವತಿ ಕಣೋ ಕೊರ್ಬಿ. ಒಂದು ಭಾನುವಾರನಾದ್ರೂ ನನ್ನ ಜೊತೆ ಇದ್ದನಾ ಅವನು? ಸವತಿ ಮನೇಲಿ ಅಂಥಾದ್ದೇನಿದೆ, ಒಂದ್ಸಲ ನೋಡೇ ಬಿಡೋಣ ಅಂತ ಬಂದೆ."

"ಏನು ಕಾಣಿಸ್ತು?"

"ನಮ್ಮ ಅಡುಗೆಮನೆ ಕಿಟಕಿ."

ಇಬ್ಬರೂ ನಕ್ಕರು. ಬುರ್ಗಿ ಕಣ್ಣೊರೆಸಿಕೊಂಡು, "ಸರಿ, ಅವನು ಹೆಂಗೆ ಮುಂದೆ ಹೋಗ್ತಿದ್ದ, ತೋರಿಸು" ಎಂದಳು.

"ವೆಂಡೆಲ್ ಎಲ್ಲಿ ಮುಂದೆ ಹೋಗ್ತಿದ್ದ? ಮುಂದೆ ನಾನು. ಅವನು ಯಾವತ್ತೂ ಹಿಂದೆ."

"ಸುಳ್ಳು ಹೇಳಬೇಡ. ಊಟಕ್ಕೆ ಕೂತ್ರೆ ಮೊದಲು ತನಗೇ ಬಡಿಸಬೇಕು ಅನ್ನೋನು ಅವನು. ನನ್ನ ಹಿಂದೆ ಒಂದು ಹೆಜ್ಜೆ ಬಂದೋನಲ್ಲ."

"ದೇವರಾಣೆಗೂ ನಿಜ. ಮುಂದಿನೋನಿಗೇನು, ಬೇಕಾದ ಕಡೆ ತಿರುಗ್ತಾನೆ. ಅದನ್ನ ನೋಡಿಕೊಂಡು ಸರಿಯಾಗಿ ನಡುವೆ ಹಾಯೋನು ಹಿಂದಿನೋನು. ಜಡೆ ಹೆಣೀತಿದ್ದೋನೇ ಅವನು. ನಾನು ಒಂದ್ಸಲ ಹಿಂದೆ ಬಂದೆ, ಜಡೆ ಹೋಗಿ ಸಿಕ್ಕಾಯ್ತು."

ಬುರ್ಗಿ ರೊಟ್ಟಿ ಕೆಳಗಿಟ್ಟಳು. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

"ಹಂಗಾದ್ರೆ ಹಿಂದೆ ಬರೋದು ಅವನಿಗೆ ಗೊತ್ತಿತ್ತು" ಎಂದಳು ಮೆಲ್ಲಗೆ. "ನಾನೇ ಯಾವತ್ತೂ ಮುಂದೆ ಹೋಗಲಿಲ್ಲ."

ಅವಳು ಎದ್ದು ಸ್ಕೀಗಳ ಅಡಿಯ ಪಟ್ಟಿ ಕಿತ್ತು ಚೀಲಕ್ಕೆ ತುರುಕಿದಳು.

"ನಾನು ಮುಂದೆ. ನೀನು ಹಿಂದೆ ಬಾ."

"ನನಗೆ ಬರಲ್ಲ ಅಂದೆನಲ್ಲ ಮಾರಾಯ್ತಿ!"

"ಸಿಕ್ಕಾದ್ರೆ ಆಗಲಿ, ಬಾ."

ಬುರ್ಗಿ ಇಳಿಜಾರಿಗೆ ಧುಮುಕಿದಳು. ಬಾಲ್ಯದಲ್ಲಿ ಕಲಿತದ್ದನ್ನು ಮಂಡಿಗಳು ಮರೆತಿರಲಿಲ್ಲ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ತನಗೆ ಬೇಕೆನಿಸಿದ ಕಡೆ ತಿರುಗಿದಳು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಸರ್ರನೆ ಹಿಮ ಸೀಳುವ ಸದ್ದು ಕೇಳಿಸಿತು. ಅದು ಮೊದಲು ತಡವರಿಸಿತು, ಆಮೇಲೆ ಅವಳ ಜಾಡನ್ನು ದಾಟಿ ಆ ಕಡೆ ಹೋಯಿತು, ಮತ್ತೆ ದಾಟಿ ಈ ಕಡೆ ಬಂತು, ಅವಳ ಒಂದೊಂದು ತಿರುವಿಗೂ ಕಾದು, ಒಪ್ಪಿ.

ಕೆಳಗೆ ಮುಟ್ಟುವ ತನಕ ಬುರ್ಗಿ ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ, ಬರುತ್ತಿದ್ದವನು ಕೊರ್ಬಿನಿಯನ್ ಆಗಿಬಿಡುತ್ತಿದ್ದ.